ಬಟ್ಟೆ ಅಂಗಡಿಗೆ ಬೀಪ್ ಗೇಟ್ ಹಾಕಿಸಬೇಕಾ? ಅಪ್ಪ ಬೇಡ ಅಂತಾರೆ

ಜವಳಿ ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆಯಲ್ಲಿ ಎರಡು ಮಹಡಿ ಬಟ್ಟೆ ಅಂಗಡಿ. ಕೆಳಗೆ ಸೀರೆ, ಡ್ರೆಸ್ ಮೆಟೀರಿಯಲ್. ಅಪ್ಪನ ಕಾಲದಿಂದ ಗಾದಿ ಮೇಲೆ ಕೂತು ತೋರಿಸೋ ವ್ಯಾಪಾರ. ಮೇಲೆ ಮಕ್ಕಳದ್ದು, ಗಂಡಸರ ರೆಡಿಮೇಡ್. ಮೂರು ವರ್ಷದ ಹಿಂದೆ ನಾನು ಹಠ ಹಿಡಿದು ಮೇಲಿನ ಮಹಡಿನ ಸೆಲ್ಫ್ ಸರ್ವಿಸ್ ಮಾಡಿಸಿದೆ. ರ‍್ಯಾಕು, ಹ್ಯಾಂಗರು, ಎರಡು ಟ್ರಯಲ್ ರೂಮು. ವ್ಯಾಪಾರ ಏರ್ತು, ಮಾಲು ಮಾಯ ಆಗೋದೂ ಏರ್ತು.

ದೀಪಾವಳಿ ಮುಗಿದ ಮೇಲೆ ಸ್ಟಾಕ್ ಎಣಿಸಿದ್ವಿ. ಮೇಲಿನ ಮಹಡಿಲಿ 118 ಪೀಸ್ ಲೆಕ್ಕಕ್ಕೇ ಸಿಗ್ತಿಲ್ಲ. ಟ್ರಯಲ್ ರೂಮಿನ ಬೆಂಚ್ ಸರಿಸಿ ಗುಡಿಸೋವಾಗ ಗೋಡೆ ಸಂದಿಲಿ ಎರಡು ಜೀನ್ಸ್‌ನ ರೇಟ್ ಚೀಟಿ ಸಿಕ್ತು. ನಾಲ್ಕು ಮಡಿಕೆ ಮಾಡಿ ನೀಟಾಗಿ ತುರುಕಿದಾರೆ. ಅದನ್ನ ನೋಡಿ ಹೊಟ್ಟೆ ಉರೀತು. ಹರಿದು ಬಿಸಾಕಿದ್ರೆ ಅಷ್ಟು ಬೇಜಾರಾಗ್ತಿರಲಿಲ್ಲ.

ಈಗ ಒಬ್ಬ ಡೀಲರ್ ಬಂದು, ಟ್ಯಾಗ್ ಬಿಚ್ಚದ ಬಟ್ಟೆ ದಾಟಿದ್ರೆ ಬೀಪ್ ಅನ್ನೋ ಗೇಟ್, ಬಟ್ಟೆಗೆ ಸಿಕ್ಕಿಸೋ ಸಾವಿರ ಹಾರ್ಡ್ ಟ್ಯಾಗ್ (ಗಟ್ಟಿ ಪ್ಲಾಸ್ಟಿಕ್ ಗುಂಡಿ), ಬಿಚ್ಚೋ ಮ್ಯಾಗ್ನೆಟ್ ಎಲ್ಲಾ ಸೇರಿ 1.4 ಲಕ್ಷ ಅಂತಿದಾನೆ. ಆರ್‌ಎಫ್ ಬೇಡ, ಎಎಂ ತಗೊಳ್ಳಿ ಅಂತಾನೆ. ಇವೆರಡಕ್ಕೂ ಏನು ವ್ಯತ್ಯಾಸ? ಹಾಕಿಸಿದವರು ಯಾರಾದ್ರೂ ಇದ್ದೀರಾ? ಅಪ್ಪ ಮಾತ್ರ "ಬಾಗಿಲಲ್ಲಿ ಬೀಪ್ ಅನ್ನೋ ಯಂತ್ರ ಇಟ್ಟು ಗಿರಾಕಿನ ಕಳ್ಳನ ಥರ ನೋಡ್ತೀಯಾ" ಅಂತ ಎರಡು ದಿನದಿಂದ ಸರಿಯಾಗಿ ಮಾತಾಡ್ತಿಲ್ಲ.

ಹುಬ್ಬಳ್ಳಿ ಹೈದ
ಹಾಕಸ್ರೀ ಅಣ್ಣಾರ, ಭಾಳ ವಿಚಾರ ಮಾಡಬ್ಯಾಡ್ರಿ. ನಮ್ಮ ಅಂಗಡ್ಯಾಗ ಹಾಕಿಸಿ ನಾಕ್ ವರ್ಷ ಆತು. ಎಷ್ಟ್ ಮಂದಿ ಕಳ್ಳರನ್ನ ಹಿಡಿದೀರಿ ಅಂತ ಕೇಳಿದ್ರ, ಬರೇ ಇಬ್ಬರು. ಆದ್ರ ಮಾಲು ಹೋಗೂದು ಕಡಿಮಿ ಆಗೇತಿ. ಗೇಟ್ ಕಣ್ಣಿಗೆ ಬಿದ್ದ ಕೂಡ್ಲೇ ಅರ್ಧಾ ಮಂದಿ ಮನಸ್ಸು ಬದಲಿ ಮಾಡ್ತಾರ. ಅದರ ಕೆಲಸಾನ ಅದು.

ಕೌಂಟರ್ ಹುಡುಗಿ
ನಾನು ಬೆಂಗಳೂರಲ್ಲಿ ಒಂದು ದೊಡ್ಡ ಬಟ್ಟೆ ಶೋರೂಮಲ್ಲಿ ಆರು ವರ್ಷ ಬಿಲ್ಲಿಂಗಲ್ಲಿ ಇದ್ದೆ. ನಿಜ ಹೇಳ್ಲಾ? ದಿನಕ್ಕೆ ಇಪ್ಪತ್ತು ಸಲ ಬೀಪ್ ಆಗ್ತಿತ್ತು. ಅದರಲ್ಲಿ ಹತ್ತೊಂಬತ್ತು ನಮ್ಮದೇ ತಪ್ಪು. ಭಾನುವಾರ ಸಂಜೆ ಕ್ಯೂ ಬಾಗಿಲ ತನಕ ಇರುತ್ತೆ, ಒಬ್ಬರು ಹದಿನಾಲ್ಕು ಪೀಸ್ ತಂದಿರ್ತಾರೆ, ಒಂದರ ಟ್ಯಾಗ್ ಒಳಗೆ ಹೊಲಿಗೆ ಹತ್ರ ಇರುತ್ತೆ, ಬಿಚ್ಚೋದು ಮರ್ತೋಗುತ್ತೆ. ಅವರು ಬಾಗಿಲಿಗೆ ಹೋದ ತಕ್ಷಣ ಬೀಪ್. ಇಡೀ ಅಂಗಡಿ ಅವರ ಕಡೆ ತಿರುಗಿ ನೋಡುತ್ತೆ. ಆ ಮುಖ ನೋಡಬೇಕು ನೀವು, ದುಡ್ಡು ಕೊಟ್ಟು ಮಾನ ಕಳ್ಕೊಂಡವರ ಮುಖ.

ಆಮೇಲಾಮೇಲೆ ಏನಾಗುತ್ತೆ ಅಂದ್ರೆ ಸೆಕ್ಯೂರಿಟಿ ಅಣ್ಣನಿಗೂ ಅಭ್ಯಾಸ ಆಗಿಬಿಡುತ್ತೆ. ಬೀಪ್ ಆದ್ರೆ ಕತ್ತು ಎತ್ತದೇ "ಹೋಗಿ ಮೇಡಂ ಹೋಗಿ" ಅಂತಾನೆ. ಆ ಸಾಲಲ್ಲಿ ನಿಜವಾದ ಕಳ್ಳನೂ ಹೋಗ್ತಾನೆ. ಗೇಟ್ ಕೊಳ್ಳೋ ಮುಂಚೆ ನಿಮ್ಮ ಕೌಂಟರಲ್ಲಿ ಬಿಲ್ ಹಾಕೋಕೆ ಒಬ್ಬರು, ಟ್ಯಾಗ್ ಬಿಚ್ಚಿ ಮಡಚೋಕೆ ಇನ್ನೊಬ್ಬರು ಇದಾರಾ ನೋಡ್ಕೊಳ್ಳಿ. ಇಲ್ಲಾಂದ್ರೆ 1.4 ಲಕ್ಷಕ್ಕೆ ಒಂದು ಕರೆಗಂಟೆ ತಗೊಂಡಂಗೆ.

ಶೂ ಸಂಕಟ
ಬೀಪ್ ವಿಷಯ ಬಂತಲ್ಲ, ನನ್ನ ಕಥೆ ಕೇಳಿ. ಹೊಸ ಶೂ ತಗೊಂಡೆ. ಅವತ್ತಿಂದ ಯಾವ ಮಾಲಿಗೆ ಹೋದ್ರೂ ಬೀಪ್. ಒಳಗೆ ಹೋಗುವಾಗ ಒಂದ್ಸಲ, ಹೊರಗೆ ಬರುವಾಗ ಒಂದ್ಸಲ. ಬೆಲ್ಟ್ ಬದಲಾಯಿಸಿದೆ, ಪರ್ಸ್ ಬದಲಾಯಿಸಿದೆ. ಹೆಂಡ್ತಿ ನನ್ನ ಜೊತೆ ಬರೋದೇ ಬಿಟ್ಟಳು. ಐದು ತಿಂಗಳಾದ ಮೇಲೆ ಮಳೇಲಿ ಶೂ ನೆಂದು ಒಳಗಿನ ಅಟ್ಟೆ ತೆಗೆದೆ. ಕೆಳಗೆ ಚೂಯಿಂಗ್ ಗಮ್ ಅಷ್ಟುದ್ದ ಒಂದು ಬಿಳಿ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದ್ರು!

ಹುಬ್ಬಳ್ಳಿ ಹೈದ
@ಶೂ ಸಂಕಟ ನಗಿ ತಡಕೊಳ್ಳಾಕ ಆಗವಲ್ದು. ಐದ್ ತಿಂಗಳ ಕಳ್ಳನ ಹಂಗ ಅಡ್ಡಾಡೀರಿ.

ನಿವೃತ್ತ ಮೇಷ್ಟ್ರು
ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಟ್ಟವನು ನಾನು, ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ಶೂ ಒಳಗೆ ಸಿಕ್ಕಿದ್ದು ಎಎಂ ಪಟ್ಟಿ. ಅಂದರೆ ಅಕೌಸ್ಟೋ ಮ್ಯಾಗ್ನೆಟಿಕ್. ತಯಾರಿಸುವ ಕಾರ್ಖಾನೆಯಲ್ಲೇ ಒಳಗೆ ಸೇರಿಸಿ ಕಳಿಸುವುದುಂಟು. ಅದನ್ನು ಕಿವಿ ಹತ್ತಿರ ಇಟ್ಟು ಅಲ್ಲಾಡಿಸಿದರೆ ಒಳಗೆ ಏನೋ ಸಡಿಲವಾಗಿ ಸರಿದಾಡಿದ ಹಾಗಾಗುತ್ತೆ. ಅದು ಲೋಹದ ತೆಳು ಪಟ್ಟಿ, ಅಂಟಿಸಿರುವುದಿಲ್ಲ, ನಡುಗಲಿ ಅಂತಲೇ ಸಡಿಲ ಬಿಟ್ಟಿರುತ್ತಾರೆ. ಪಕ್ಕದಲ್ಲಿ ಇನ್ನೊಂದು ಪಟ್ಟಿ, ಅದು ಅಯಸ್ಕಾಂತ. ಗೇಟು 58 ಕಿಲೋಹರ್ಟ್ಸ್‌ನಲ್ಲಿ ಕ್ಷಣಮಾತ್ರ ಕೂಗಿ ಸುಮ್ಮನಾಗುತ್ತೆ. ಗೇಟು ಸುಮ್ಮನಾದರೂ ಪಟ್ಟಿ ಇನ್ನೂ ನಡುಗುತ್ತಾ ಇರುತ್ತೆ. ದೇವಸ್ಥಾನದ ಗಂಟೆ ಹೊಡೆದು ಕೈ ಬಿಟ್ಟ ಮೇಲೂ ಗುಂಯ್ ಅನ್ನುತ್ತಲ್ಲ, ಹಾಗೆ. ಆ ಗುಂಯ್ ಕೇಳಿಸಿತೋ, ಬೀಪ್. ಬಿಲ್ಲಿಂಗ್‌ನಲ್ಲಿ ಪ್ಯಾಡ್ ಮೇಲೆ ಎಳೆದಾಗ ಆ ಅಯಸ್ಕಾಂತದ ಶಕ್ತಿ ಹೋಗುತ್ತೆ, ಶ್ರುತಿ ತಪ್ಪುತ್ತೆ. ಸರಿಯಾಗಿ ಎಳೆಯದೇ ಇದ್ದರೆ ಈ ಮಹಾಶಯರ ಶೂ ಆಗುತ್ತೆ.

ಆರ್‌ಎಫ್, ಅಂದರೆ ರೇಡಿಯೋ ಫ್ರೀಕ್ವೆನ್ಸಿ, ಬೇರೆ ಜಾತಿ. ಚೌಕ ಸ್ಟಿಕ್ಕರ್ ಮೇಲೆ ಸುಮ್ಮನೆ ಒಂದು ಬಾರ್‌ಕೋಡ್ ಮುದ್ರಿಸಿರುತ್ತಾರಲ್ಲ, ಅದನ್ನು ಕಿತ್ತು ಬೆಳಕಿಗೆ ಹಿಡಿದರೆ ಅಲ್ಯೂಮಿನಿಯಂ ಸುರುಳಿ ಕಾಣುತ್ತೆ, ಚೌಕದೊಳಗೆ ಚೌಕ. ಬ್ಯಾಟರಿ ಇಲ್ಲ, ಚಿಪ್ ಇಲ್ಲ. ಒಂದು ಕಾಯಿಲ್, ಒಂದು ಕೆಪಾಸಿಟರ್, ಎರಡೂ ಸೇರಿ 8.2 ಮೆಗಾಹರ್ಟ್ಸ್‌ಗೆ ಟ್ಯೂನ್ ಆಗಿರುತ್ತೆ. ಹಳೇ ರೇಡಿಯೋ ಮುಳ್ಳು ತಿರುಗಿಸಿದ ಹಾಗೆ ಗೇಟು ಆ ಆಸುಪಾಸನ್ನೆಲ್ಲ ಸವರುತ್ತಾ ಇರುತ್ತೆ, ಟ್ಯಾಗ್ ಸಿಕ್ಕರೆ ಗೊತ್ತಾಗುತ್ತೆ. ಬಿಲ್ ಆದ ಮೇಲೆ ಪ್ಯಾಡ್ ಕೆಪಾಸಿಟರನ್ನು ಶಾರ್ಟ್ ಮಾಡಿ ಕೊಲ್ಲುತ್ತೆ. ನೀವು ಹೇಳಿದ ಹಾರ್ಡ್ ಟ್ಯಾಗ್ ಒಳಗೂ ಇವೆರಡರಲ್ಲಿ ಒಂದು ಇರುತ್ತೆ, ಅದನ್ನು ಕೊಲ್ಲುವುದಿಲ್ಲ, ಬಿಚ್ಚಿ ಮತ್ತೆ ಬಳಸುವುದು.

ಆರ್‌ಎಫ್ ಅಗ್ಗ. ಆದರೆ ಸುತ್ತ ಕಬ್ಬಿಣ ಇದ್ದರೆ ಮುನಿಸಿಕೊಳ್ಳುತ್ತೆ, ಕಂಬಗಳ ನಡುವೆ ಜಾಸ್ತಿ ಅಗಲ ಬಿಡೋಕಾಗಲ್ಲ. ಎಎಂ ದುಬಾರಿ, ಅಗಲ ಬಾಗಿಲಿಗೂ ಆಗುತ್ತೆ, ಲೋಹಕ್ಕೆ ಅಷ್ಟು ಅಂಜಲ್ಲ. ಒಂದರ ಟ್ಯಾಗ್ ಇನ್ನೊಂದರ ಗೇಟಿಗೆ ಕಾಣಿಸುವುದೇ ಇಲ್ಲ, ಹಾಗಾಗಿ ಇವತ್ತು ಒಂದು ತಗೊಂಡು ನಾಳೆ ಮನಸ್ಸು ಬದಲಾಯಿಸುವ ಹಾಗಿಲ್ಲ. ನಿಮ್ಮ ಬಾಗಿಲ ಅಗಲ ಎಷ್ಟು?

ಇದರ ಹುಟ್ಟಿನ ಕಥೆಯೂ ಸ್ವಾರಸ್ಯ. 1960ರ ದಶಕ, ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರು. ರಾನ್ ಅಸಾಫ್ ಅಂತ ಒಬ್ಬ ಸೂಪರ್ ಮಾರ್ಕೆಟ್ ಮ್ಯಾನೇಜರ್ ವೈನ್ ಬಾಟಲಿ ಎತ್ತಿಕೊಂಡು ಓಡಿದವನನ್ನು ಅಟ್ಟಿಸಿಕೊಂಡು ಹೋಗಿ, ಸಿಗದೆ, ಇದಕ್ಕೊಂದು ದಾರಿ ಬೇಕು ಅಂತ ಹೊರಟ. ಸೆನ್ಸರ್‌ಮ್ಯಾಟಿಕ್ ಕಂಪನಿ ಹುಟ್ಟಿದ್ದು ಹಾಗೆ. ಅದೇ ಕಾಲಕ್ಕೆ ಆರ್ಥರ್ ಮಿನಾಸಿ ಅನ್ನುವವರೂ...

ಹುಬ್ಬಳ್ಳಿ ಹೈದ
ಮೇಷ್ಟ್ರ, ಬೆಲ್ ಹೊಡೀತು ರೀ.

ಕೌಂಟರ್ ಹುಡುಗಿ
ಪಾಪ ಬರೀಲಿ ಬಿಡಿ, ನಂಗೆ ಆರು ವರ್ಷ ಗೊತ್ತಿರಲಿಲ್ಲ ಒಳಗೆ ಏನಿದೆ ಅಂತ.

ಲೈಬ್ರರಿ ಅಕ್ಕ
ಮೇಷ್ಟ್ರು ಮೂರನೇದು ಬಿಟ್ರು. ನಮ್ಮ ಕಾಲೇಜು ಗ್ರಂಥಾಲಯದಲ್ಲಿ ಪುಸ್ತಕದ ಬೆನ್ನು ಸಂದಿಯಲ್ಲಿ ದಾರದಷ್ಟು ಸಣ್ಣ ಅಯಸ್ಕಾಂತೀಯ ಪಟ್ಟಿ ಇರ್ತಿತ್ತು. ಅದರ ವಿಶೇಷ ಅಂದ್ರೆ ಪುಸ್ತಕ ಕೊಡುವಾಗ ಮಲಗಿಸಬಹುದು, ವಾಪಸ್ ಬಂದಾಗ ಎಬ್ಬಿಸಬಹುದು. ಅಂಗಡಿಗೆ ಅದು ಬೇಡ, ಮಾರಿದ್ದು ವಾಪಸ್ ಬರಲ್ಲವಲ್ಲ. ಆದರೂ ಪುಸ್ತಕ ಹೋಗ್ತಿದ್ವು. ಕಿಟಕಿಯಿಂದ ಕೆಳಗೆ ಗೆಳೆಯನ ಕೈಗೆ ಹಾಕ್ತಿದ್ರು ಹುಡುಗರು. ಕೊನೆಗೆ ಕಿಟಕಿಗೆ ಮೆಶ್ ಹಾಕಿಸಿದೆವು, ಅದಕ್ಕೆ ಆದ ಖರ್ಚು ತೀರಾ ಕಡಿಮೆ.

ಕಿರಾಣಿ ಪುತ್ತೂರು
ನಮ್ಮದು ಸಣ್ಣ ಸೂಪರ್ ಮಾರ್ಕೆಟ್ ಮಾರಾಯ್ರೆ. ಹೋಗುವುದು ಎಂತ ಗೊತ್ತುಂಟಾ? ಅಕ್ಕಿ ಹೋಗುವುದಿಲ್ಲ, ಬೇಳೆ ಹೋಗುವುದಿಲ್ಲ. ಚಾಕಲೇಟು, ಡಿಯೋಡರೆಂಟು, ಶೇವಿಂಗ್ ಬ್ಲೇಡು, ತುಪ್ಪದ ಸಣ್ಣ ಬಾಟ್ಲಿ. ಕಿಸೆಗೆ ಹಿಡಿಯುವಂಥದ್ದು, ಬೆಲೆ ಇರುವಂಥದ್ದು. ಇಪ್ಪತ್ತು ರೂಪಾಯಿಯ ಚಾಕಲೇಟಿಗೆ ಟ್ಯಾಗ್ ಅಂಟಿಸುತ್ತಾ ಕೂತರೆ ಅಂಟಿಸುವ ಹುಡುಗನ ಸಂಬಳ ಯಾರು ಕೊಡುವುದು? ನಾನು ಬ್ಲೇಡು, ತುಪ್ಪ ಎರಡನ್ನೂ ಕ್ಯಾಶಿನ ಹಿಂದಿನ ಕಪಾಟಿಗೆ ಹಾಕಿದೆ. ಗೇಟು ಡಮ್ಮಿ ಸಿಗುತ್ತದೆ, ಬರೀ ಕಂಬ, ಒಂದು ಕೆಂಪು ಲೈಟು. ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಸಿಸಿಟಿವಿ ಸೀನ
ಡಮ್ಮಿ ಹಾಕೋದು ಬೆದರುಗೊಂಬೆ ಇಟ್ಟಂಗೆ. ಕಾಗೆಗೆ ಒಂದ್ಸಲ ಗೊತ್ತಾದ್ರೆ ಅದರ ತಲೆ ಮೇಲೇ ಕೂರುತ್ತೆ. ಕ್ಯಾಮೆರಾ ಹಾಕ್ಸಿ.

ಕಿರಾಣಿ ಪುತ್ತೂರು
@ಸಿಸಿಟಿವಿ ಸೀನ ನೀವು ಕ್ಯಾಮೆರಾ ಮಾರುವವರಲ್ವಾ?

ಸಿಸಿಟಿವಿ ಸೀನ
ಮಾರ್ತೀನಿ, ಅದಕ್ಕೇ ಗೊತ್ತು.

ಜವಳಿ ದಾವಣಗೆರೆ
ಕ್ಯಾಮೆರಾ ಎಂಟು ಇದಾವೆ ಸಾರ್. ಟ್ರಯಲ್ ರೂಮ್ ಒಳಗೆ ಹಾಕೋ ಹಾಗಿಲ್ಲ, ಹಾಕಲೂಬಾರದು. ಕಳ್ಳತನ ಆಗ್ತಿರೋದೇ ಅಲ್ಲಿ.

ವಕೀಲ ಹಾಸನ
ಗೇಟ್ ಯಾವುದಾದರೂ ಹಾಕಿಸಿ. ಬೀಪ್ ಆದ ಮೇಲೆ ನಿಮ್ಮ ಹುಡುಗರು ಏನು ಮಾಡಬೇಕು ಅನ್ನೋದನ್ನ ಮೊದಲು ಹೇಳಿಕೊಡಿ. ಬೀಪ್ ಕಳ್ಳತನಕ್ಕೆ ಸಾಕ್ಷಿ ಅಲ್ಲ, ಮೇಲೆ ಶೂ ಕಥೆ ಓದಿದಿರಲ್ಲ. "ಸಾರ್, ಟ್ಯಾಗ್ ಬಿಚ್ಚೋದು ಮರೆತಿರಬೇಕು, ಒಂದು ನಿಮಿಷ ಬಿಲ್ ನೋಡೋಣ" ಅಂತ ಕೇಳಿ. ಬಲವಂತದ ಜಡ್ತಿ ಮಾಡೋ ಅಧಿಕಾರ ನಿಮ್ಮ ಸೆಕ್ಯೂರಿಟಿಗೆ ಇಲ್ಲ. ರೂಮಲ್ಲಿ ಕೂಡಿಹಾಕಿ ತಪ್ಪೊಪ್ಪಿಗೆ ಬರೆಸ್ಕೊಂಡರೆ ಅಕ್ರಮ ಬಂಧನ ಅಂತ ನಿಮ್ಮ ಮೇಲೇ ಕೇಸು, ಭಾರತೀಯ ನ್ಯಾಯ ಸಂಹಿತೆ 127ನೇ ಕಲಂ.

2025ರಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಆದದ್ದು ನೆನಪಿದೆಯಾ? ಸೀರೆ ಕದ್ದಳು ಅಂತ ಹೆಂಗಸೊಬ್ಬಳನ್ನ ನಡುರಸ್ತೇಲಿ ಎಳೆದಾಡಿ ಹೊಡೆದರು, ವಿಡಿಯೋ ಹರಿದಾಡಿತು, ಕೊನೆಗೆ ಅಂಗಡಿಯವರೂ ಜೈಲಿಗೆ ಹೋದರು. ಸೀರೆ ಕಳ್ಕೊಂಡವನೇ ಆರೋಪಿ ಆಗೋದು ಹೀಗೆ.

ಇನ್ನೊಂದು ವಿಷಯ. 2024ರ ಜುಲೈ 1ರಿಂದ ಜಾರಿಗೆ ಬಂದಿರೋ ಇದೇ ಸಂಹಿತೆಯಲ್ಲಿ ಕದ್ದ ಮಾಲು 5,000 ರೂಪಾಯಿಗಿಂತ ಕಮ್ಮಿ ಇದ್ದು, ಮೊದಲ ಸಲ ಶಿಕ್ಷೆ ಆಗ್ತಿದ್ದು, ಮಾಲು ಅಥವಾ ಅದರ ಬೆಲೆ ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. 303ನೇ ಕಲಂ ನೋಡಿ. ಎರಡು ಜೀನ್ಸ್‌ಗೆ ಯಾರನ್ನೋ ಜೈಲಿಗೆ ಕಳಿಸ್ತೀನಿ ಅನ್ನೋ ಆಸೆ ಇಟ್ಕೋಬೇಡಿ.

ಹುಬ್ಬಳ್ಳಿ ಹೈದ
ಅಂದ್ರ ಕಳ್ಳಗ ಕಸಾ ಹೊಡಿಯೂ ಶಿಕ್ಷಾ, ನಮಗ ಜೈಲು? ಛಲೋ ಐತಿ ಬಿಡ್ರಿ.

ವಕೀಲ ಹಾಸನ
@ಹುಬ್ಬಳ್ಳಿ ಹೈದ ಹೊಡೆದರೆ, ಕೂಡಿಹಾಕಿದರೆ ಮಾತ್ರ ಜೈಲು. ಅದೆರಡೂ ಮಾಡಬೇಡಿ, ಅಷ್ಟೇ.

ಮದುವೆ ಮನೆ ಮಮತಾ
ನಂದು ಬೇರೆ ಗೋಳು. ತಮ್ಮನ ಮದುವೆಗೆ ಬೆಂಗಳೂರಲ್ಲಿ ಕುರ್ತಾ ತಗೊಂಡು ಶಿರಸಿಗೆ ಹೋದ್ವಿ. ಮದುವೆ ದಿನ ಬೆಳಗ್ಗೆ ಬಿಚ್ಚಿ ನೋಡಿದ್ರೆ ಕಂಕುಳ ಹತ್ರ ಬೂದು ಬಣ್ಣದ ದೊಡ್ಡ ಗುಂಡಿ ಹಾಗೇ ಇದೆ. ಅಂಗಡಿ ಬಾಗಿಲಲ್ಲಿ ಬೀಪೂ ಆಗಿರಲಿಲ್ಲ! ಚಿಕ್ಕಪ್ಪ ಇಕ್ಕಳ ತಂದ್ರು, ಮಾವ ಸುತ್ತಿಗೆ ತಂದ್ರು. ಕೊನೆಗೆ ಹಾಗೇ ಹಾಕ್ಕೊಂಡು ಮೇಲೆ ಶಲ್ಯ ಹೊದ್ದ. ಎಲ್ಲಾ ಫೋಟೋದಲ್ಲೂ ಎಡಗೈ ಮಡಚಿಕೊಂಡೇ ನಿಂತಿದಾನೆ. ಇದನ್ನ ಮನೇಲಿ ಬಿಚ್ಚೋದು ಹೇಗೆ ಯಾರಾದ್ರೂ ಹೇಳಿ?

ವೇದಿಕೆ ನಿರ್ವಾಹಕ
ಬಿಚ್ಚೋ ಉಪಾಯ ಇಲ್ಲಿ ಯಾರೂ ಬರೆಯಬೇಡಿ, ಬರೆದರೆ ಅಳಿಸ್ತೀವಿ. ಮಮತಾ ಅವರೇ, ಬಿಲ್ ಹಿಡಿದು ಅದೇ ಕಂಪನಿಯ ಹತ್ತಿರದ ಯಾವುದಾದರೂ ಶಾಖೆಗೆ ಹೋಗಿ, ನಿಮಿಷದಲ್ಲಿ ತೆಗೆದುಕೊಡ್ತಾರೆ.

ಕೌಂಟರ್ ಹುಡುಗಿ
ಸುತ್ತಿಗೆ ಮಾತ್ರ ಬೇಡ. ಕೆಲವು ಟ್ಯಾಗಲ್ಲಿ ಇಂಕ್ ತುಂಬಿರುತ್ತೆ, ಒಡೆದ್ರೆ ಕುರ್ತಾ ಹೋಳಿ ಹಬ್ಬ.

ಡಬ್ಲಿನ್ ಕನ್ನಡಿಗ
ಇಲ್ಲಿ ಬಟ್ಟೆ ಬಿಡಿ, ಬೆಣ್ಣೆಗೂ ಮಾಂಸಕ್ಕೂ ಟ್ಯಾಗ್ ನೋಡಿದೀನಿ. ಚೀಸ್ ತುಂಡನ್ನ ಪ್ಲಾಸ್ಟಿಕ್ ಪೆಟ್ಟಿಗೇಲಿ ಬೀಗ ಹಾಕಿ ಇಟ್ಟಿದ್ರು, ಒಡವೆ ಥರ. ಅಮೆರಿಕದಲ್ಲಿರೋ ನನ್ನ ಭಾವ ಟೂತ್‌ಪೇಸ್ಟ್ ಬೇಕಾದ್ರೆ ಬಟನ್ ಒತ್ತಿ ಕಾಯ್ತಾನಂತೆ, ಒಬ್ಬ ಬಂದು ಗಾಜಿನ ಕಪಾಟಿನ ಬೀಗ ತೆಗೀಬೇಕು. ಮೊದಲು ನಮ್ಮೂರ ಶೆಟ್ಟರ ಅಂಗಡೀಲಿ "ಒಂದು ಪೇಸ್ಟ್ ಕೊಡಿ" ಅಂದ್ರೆ ಅವರೇ ಎತ್ತಿ ಕೊಡ್ತಿದ್ರು. ಪ್ರಪಂಚ ಸುತ್ತಿ ಅಲ್ಲಿಗೇ ಬಂತು.

ಪೇಸ್‌ಮೇಕರ್ ಮಗ
ಒಂದು ಸಣ್ಣ ವಿಷಯ. ಅಪ್ಪನಿಗೆ ಪೇಸ್‌ಮೇಕರ್ ಹಾಕಿದಾಗ ಡಾಕ್ಟರು ಹೇಳಿದ್ದು: ಇಂಥ ಗೇಟ್ ಮಧ್ಯೆ ಮಾಮೂಲಿ ನಡಿಗೇಲಿ ದಾಟಿ ಹೋಗಿ, ಅಲ್ಲೇ ನಿಂತು ಹರಟೆ ಹೊಡೀಬೇಡಿ, ಕಂಬಕ್ಕೆ ಒರಗಬೇಡಿ. ಅಂಗಡಿಯವರು ಗೇಟ್ ಪಕ್ಕಾನೇ ಗಿರಾಕಿಗಳು ಕೂರೋಕೆ ಕುರ್ಚಿ ಹಾಕಿರ್ತಾರೆ. ದಯವಿಟ್ಟು ಬೇರೆ ಕಡೆ ಹಾಕಿ.

ಗಾದಿ ಗುರುಪಾದಪ್ಪ
ಐವತ್ತು ವರ್ಷ ಸೀರೆ ಮಾರಿದೀನಿ, ನಿಮ್ಮ ತಂದೆಯವರ ಮಾತಲ್ಲಿ ಅರ್ಥ ಇದೆ. ಅವರು ಗೇಟ್ ಬೇಡ ಅಂದಿದ್ದು ಸಿಟ್ಟಿಗಲ್ಲ, ಅವರ ಹತ್ತಿರ ಗೇಟ್ ಮೊದಲೇ ಇದೆ. ಗಾದಿ ಮೇಲೆ ತೋರಿಸೋ ಅಂಗಡಿಯಲ್ಲಿ ಮಡಚೋ ಹುಡುಗನೇ ಗೇಟು. ತೋರಿಸುವವನು ಹತ್ತು ಬಿಚ್ಚಿದರೆ ಅವನು ಹತ್ತು ಮಡಚಬೇಕು, ಒಂಬತ್ತಾದರೆ ಬಾಯಿ ಬಿಡೋ ಹಾಗಿಲ್ಲ. "ಅಣ್ಣಾ, ಆ ಹಸಿರು ಇನ್ನೊಂದ್ಸಲ ತೋರಿಸ್ತೀರಾ" ಅಂತಾನೆ. ಆ ಮಾತು ನಮ್ಮ ಅಂಗಡೀಲಿ ಗುರುತು. ಗುಂಪಲ್ಲಿ ಬಂದವರಲ್ಲಿ ಒಬ್ಬಳು ಜಗಳ ತೆಗೀತಾಳೆ, ಒಬ್ಬಳು ನೀರು ಕೇಳ್ತಾಳೆ, ಮೂರನೆಯವಳ ಸೆರಗಿನ ಕೆಳಗೆ ಸೀರೆ ಹೋಗಿರುತ್ತೆ. ಆದರೆ "ಹಸಿರು ತೋರಿಸಿ" ಅಂದ ಕೂಡಲೇ ಅದು ರಾಶಿ ಕೆಳಗಿಂದ ತಾನಾಗೇ ಈಚೆ ಬರುತ್ತಿತ್ತು. ಯಾರ ಮಾನವೂ ಹೋಗಲಿಲ್ಲ, ಮಾಲೂ ಹೋಗಲಿಲ್ಲ.

ನೀವು ಮೇಲೆ ರ‍್ಯಾಕ್ ಹಾಕಿ ಆ ಹುಡುಗನನ್ನ ತೆಗೆದಿರಿ. ಅವನ ಸಂಬಳ ಉಳಿಯಿತು ಅಂತ ಲೆಕ್ಕ ಹಾಕಿದಿರಿ. ಈಗ 1.4 ಲಕ್ಷ ಅವನದೇ ಬಾಕಿ ಅಂದ್ಕೊಳ್ಳಿ.

ಜವಳಿ ದಾವಣಗೆರೆ
@ಗಾದಿ ಗುರುಪಾದಪ್ಪ ನೀವು ನಮ್ಮ ಅಪ್ಪನೇ ಬೇರೆ ಹೆಸರಲ್ಲಿ ಬರೀತಿದೀರಾ ಅಂತ ಒಂದು ಕ್ಷಣ ಅನುಮಾನ ಬಂತು.

ಅಕೌಂಟೆಂಟ್ ಆನಂದ
ಎಲ್ಲರೂ 118 ಪೀಸೂ ಗಿರಾಕಿ ಕದ್ದದ್ದು ಅಂತ ಒಪ್ಪಿಕೊಂಡೇ ಮಾತಾಡ್ತಿದೀರಿ. ಅದು ಹೇಗೆ ಗೊತ್ತಾಯ್ತು? ಲೆಕ್ಕಕ್ಕೆ ಸಿಗದ ಮಾಲಿಗೆ ಶ್ರಿಂಕೇಜ್ ಅಂತೀವಿ, ಅದು ಹೋಗೋಕೆ ನಾಲ್ಕು ಬಾಗಿಲು. ಗಿರಾಕಿ ಕದೀತಾನೆ, ಕೆಲಸದವರು ಕದೀತಾರೆ, ಸಪ್ಲೈಯರ್ ಕಮ್ಮಿ ಕಳಿಸ್ತಾನೆ, ನಾವೇ ತಪ್ಪು ಎಂಟ್ರಿ ಹಾಕ್ತೀವಿ. ಗೇಟ್ ಕಾಯೋದು ಮೊದಲನೇ ಬಾಗಿಲು ಮಾತ್ರ. ದೀಪಾವಳಿ ಮುಂಚೆ ಬಂದ ಮೂಟೆಗಳ ಎಲ್‌ಆರ್ (ಲಾರಿ ರಸೀದಿ), ಇನ್‌ವಾಯ್ಸ್ ತೆಗೆದು ಪೀಸ್ ತಾಳೆ ಹಾಕಿದಿರಾ? ಹಬ್ಬದ ಗಡಿಬಿಡೀಲಿ ಮೂಟೆ ಬಿಚ್ಚಿ ಎಣಿಸದೇ ರ‍್ಯಾಕಿಗೆ ಹಾಕೋದು ನಾನು ಎಷ್ಟೋ ಅಂಗಡೀಲಿ ನೋಡಿದೀನಿ. ಟ್ಯಾಗ್ ಹಾಕಿಸಿದ್ರೆ, ಬಿಚ್ಚೋ ಮ್ಯಾಗ್ನೆಟ್ ರಾತ್ರಿ ಯಾರ ಹತ್ರ ಇರುತ್ತೆ ಅದನ್ನೂ ಯೋಚಿಸಿ.

ಹುಬ್ಬಳ್ಳಿ ಹೈದ
ಮ್ಯಾಗ್ನೆಟ್ ಮಾತು ಖರೇ. ನಾವು ಕೌಂಟರಿಗೆ ಸ್ಕ್ರೂ ಹೊಡದು ಕೂಡ್ಸೇವಿ. ಮೊದಲಿಂದು ಒಂದು ಹೆಂಗ ಹೋತು ಗೊತ್ತಿಲ್ಲ, ಹೋತು.

ಜವಳಿ ದಾವಣಗೆರೆ
ನಾಲ್ಕು ದಿನ ಆಯ್ತು, ಕ್ಷಮಿಸಿ. ಆನಂದ ಅವರು ಹೇಳಿದ್ದು ಓದಿ ನಿದ್ದೆ ಬರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ನಾನು, ತಂಗಿ ಕೂತು ಮತ್ತೆ ಎಣಿಸಿದ್ವಿ. 37 ಪೀಸ್ ಅಂಗಡೀಲೇ ಇದಾವೆ. ಎರಡು ವರ್ಷದ ಫ್ರಾಕನ್ನ ನಾಲ್ಕು ವರ್ಷದ ಕೋಡಲ್ಲಿ ಹಾಕಿದೀವಿ, ಒಂದು ಮೂಟೆ ಮೆಟ್ಟಿಲ ಕೆಳಗೆ ಪೊರಕೆ ಹಿಂದೆ ಬಿಚ್ಚದೇ ಕೂತಿತ್ತು. 24 ಪೀಸ್ ಬಂದೇ ಇಲ್ಲ, ಇನ್‌ವಾಯ್ಸಲ್ಲಿ ಇದೆ, ಮೂಟೇಲಿ ಇರಲಿಲ್ಲ. ಸಹಿ ಹಾಕಿ ಇಳಿಸ್ಕೊಂಡವನು ನಾನೇ. ಈಗ ಕೇಳಿದ್ರೆ ಸಪ್ಲೈಯರ್ ನಗ್ತಾನೆ.

ಉಳಿದಿದ್ದು 57. ಅದು ಕಳ್ಳತನ, ಅನುಮಾನ ಇಲ್ಲ. ಅದರಲ್ಲಿ ಅರ್ಧ ಜೀನ್ಸು.

ಅಪ್ಪನ ಹತ್ರ ಲೆಕ್ಕ ಇಟ್ಟೆ. ಸುಮಾರು ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ಮೇಲಕ್ಕೆ ಹಾಕಿಸ್ಕೋ, ನನ್ನ ಬಾಗಿಲಿಗೆ ಬೇಡ" ಅಂದ್ರು. ಹಾಗಾಗಿ ಮೆಟ್ಟಿಲ ಬುಡದಲ್ಲಿ ಒಂದೇ ಗೇಟು, ಜೀನ್ಸ್ ಮತ್ತೆ ಶರ್ಟಿಗೆ ಮಾತ್ರ ಟ್ಯಾಗ್. ಟ್ರಯಲ್ ರೂಮ್ ಬಾಗಿಲಿಗೆ ಒಬ್ಬ ಹುಡುಗನ್ನ ಹಾಕಿದೀನಿ, ಎಷ್ಟು ಪೀಸ್ ಒಳಗೆ ಹೋಯ್ತು ಅಷ್ಟು ನಂಬರ್ ಬಿಲ್ಲೆ ಕೈಗೆ ಕೊಡ್ತಾನೆ.

ಗಾದಿ ಗುರುಪಾದಪ್ಪ
ಹುಡುಗ ವಾಪಸ್ ಬಂದ ಅನ್ನಿ.

ಮದುವೆ ಮನೆ ಮಮತಾ
ಮುಂದೆ ಎಂದಾದ್ರೂ ಸೀರೆಗೆ ಟ್ಯಾಗ್ ಹಾಕೋದಾದ್ರೆ ರೇಷ್ಮೆಗೆ ಪಿನ್ ಚುಚ್ಚಬೇಡಿ ಪ್ಲೀಸ್. ತೂತು ಹಾಗೇ ಉಳಿಯುತ್ತೆ, ಜರಿ ಎಳೆ ಬೇರೆ ಕಿತ್ತು ಬರುತ್ತೆ.

ಕೌಂಟರ್ ಹುಡುಗಿ
ಅದಕ್ಕೆ ದಾರದ ಥರ ಲೂಪ್ ಬರುತ್ತೆ. ಜೀನ್ಸ್‌ಗೆ ಪಿನ್ ಪರವಾಗಿಲ್ಲ. ಆದ್ರೆ ಎಲ್ಲಾ ಜೀನ್ಸ್‌ಗೂ ಒಂದೇ ಜಾಗದಲ್ಲಿ ಹಾಕಿಸಿ, ಎಡ ಸೊಂಟದ ಹೊಲಿಗೆ ಅಂದ್ರೆ ಎಡ ಸೊಂಟ. ಬಿಚ್ಚೋಳ ಕೈಗೆ ಅಭ್ಯಾಸ ಆಗುತ್ತೆ, ಮರೆಯೋದು ಅರ್ಧ ಕಮ್ಮಿ ಆಗುತ್ತೆ.

ನಿವೃತ್ತ ಮೇಷ್ಟ್ರು
ಒಂದೇ ಮೆಟ್ಟಿಲು ಅಂದರೆ ಅಗಲ ಕಡಿಮೆ, ಆರ್‌ಎಫ್ ಸಾಕಾಗುತ್ತೆ, ಎಎಂಗೆ ಯಾಕೆ ದುಡ್ಡು ಸುರಿಯುತ್ತೀರಿ. ಅಳತೆ ಹೇಳಿ.

ಜವಳಿ ದಾವಣಗೆರೆ
ಈಗಷ್ಟೇ ಟೇಪ್ ಹಿಡಿದೆ ಸಾರ್. ನಾಲ್ಕು ಅಡಿ ಎರಡು ಇಂಚು.

ನಿವೃತ್ತ ಮೇಷ್ಟ್ರು
ಭೇಷ್. ಆರ್‌ಎಫ್ ಧಾರಾಳ ಸಾಕು. ಟ್ಯಾಗ್ ಹಾಕಿದ ಬಟ್ಟೆ ರ‍್ಯಾಕನ್ನು ಗೇಟಿಂದ ದೂರ ಇಡಿ, ಹತ್ತಿರ ಇದ್ದರೆ ಸುಮ್ಮನೆ ಕೂಗುತ್ತಾ ಇರುತ್ತೆ. ಪಕ್ಕದಲ್ಲಿ ಅಗ್ಗದ ಎಲ್‌ಇಡಿ ಲೈಟ್ ಬೇಡ. ಅಂದ ಹಾಗೆ ಮೆಟ್ಟಿಲಿಗೆ ಕೈಹಿಡಿ ಯಾವುದು, ಮರದ್ದಾ?

ಜವಳಿ ದಾವಣಗೆರೆ
ಕಬ್ಬಿಣದ್ದು ಸಾರ್. ಎರಡೂ ಕಡೆ. ಹೋದ ವರ್ಷ ಮಾಡಿಸಿದ್ದು.

ನಿವೃತ್ತ ಮೇಷ್ಟ್ರು
ಅಯ್ಯೋ.

ಹುಬ್ಬಳ್ಳಿ ಹೈದ
ಡೀಲರ್‌ಗ ಫೋನ್ ಹಚ್ರೀ ಅಣ್ಣಾರ. ದುಡ್ಡು ಕೊಡೂಕಿಂತ ಮೊದಲ ಗೇಟ್ ತಂದು ಕೈಹಿಡಿ ಬಾಜೂಕ ಇಟ್ಟು ಒಂದ್ ದಿನ ತೋರಸು ಅನ್ರಿ.